ಕ್ಲಚ್ಚು ಬಂದ ದಾರಿ, ಹೋದ ದಾರಿ

ಹೋದ ತಿಂಗಳು ಗ್ರೈಂಡರ್ ಬೆಲ್ಟು ಜಾರಾದ್ರ ಬಗ್ಗೆ ಬರ್ದಿದ್ನಲ್ಲ, ಅದ ಓದ್ಬುಟ್ಟು ಯಳಂದೂರಿನ ನಮ್ಮ ನಾದಿನಿ ಫೋನ್ ಮಾಡಿದ್ಲು. "ಅತ್ಗ, ಬೆಲ್ಟು ಜಾರಾದು ಗೊತ್ತಾಯ್ತು. ಗಾಡಿ ಕ್ಲಚ್ಚು ಜಾರ್ತದ ಅಂತಾರಲ್ಲ, ಅದೇನು? ಮೆಕ್ಯಾನಿಕ್ಕು ಒಂದೊಂದ್ಸಲ ಒಂದೊಂದು ರೇಟು ಹೇಳ್ತಾನ" ಅಂದ್ಲು. ಎರಡೂ ಒಂದೇ ಕಾಯಿಲೆ ಕನಮ್ಮ ಅಂದೆ. ಆದ್ರ ಫೋನಲ್ಲಿ ಹೇಳಿ ಮುಗಿಯಾ ಮಾತಲ್ಲ ಅದು. ಕ್ಲಚ್ಚಿನ ಕತ ಹೇಳ್ಬೇಕಂದ್ರ ಮೈಸೂರಿನ ಕತ ಹೇಳ್ಬೇಕು, ಹೊಸೂರಿನ ಕತ ಹೇಳ್ಬೇಕು, ನಮ್ಮ ಕಡೆ ಹೆಂಗಸ್ರು ಯಾವಾಗ ಗಾಡಿ ಹತ್ತುದ್ರು ಅಂತಾನೂ ಹೇಳ್ಬೇಕು. ನನ್ನ ಲೆಕ್ಕದಲ್ಲಿ ಈ ಮೂರೂ ಒಂದೇ ಕತ.

ಮೊದ್ಲು ಕ್ಲಚ್ಚು ಅಂದ್ರ ಏನು ಅಂತ ಹೇಳ್ಬುಡ್ತೀನಿ. ಇಂಜಿನ್ನು ಯಾವಾಗ್ಲೂ ತಿರುಗ್ತಾ ಇರ್ತದ. ಚಕ್ರ ಮಾತ್ರ ನಾವು ಬೇಕಂದಾಗ ತಿರುಗ್ಬೇಕು, ಬ್ಯಾಡ ಅಂದಾಗ ನಿಲ್ಬೇಕು. ಇವೆರಡರ ಮಧ್ಯ ಕುಂತಿರಾದೇ ಕ್ಲಚ್ಚು. ಎರಡು ಊಟದ ತಟ್ಟೆ ತಕ್ಕಂಡು ಒಂದಕ್ಕೊಂದು ಒತ್ತಿ ಹಿಡ್ದು ಒಂದನ್ನ ತಿರುಗ್ಸಿ ನೋಡಿ, ಇನ್ನೊಂದೂ ಜೊತೇಲೇ ತಿರುಗ್ತದ. ವಸಿ ಬಿಡ್ಸಿ ಹಿಡುದ್ರ ಒಂದು ಮಾತ್ರ ತಿರುಗ್ತದ. ಗಾಡಿ ಒಳಗ ಇಂಥ ತಟ್ಟೆಗಳು ಒಂದ್ರ ಮ್ಯಾಲ ಒಂದು ಜೋಡ್ಸಿರ್ತಾರ, ಅವನ್ನ ಸ್ಪ್ರಿಂಗುಗಳು ಒತ್ತಿ ಹಿಡ್ದಿರ್ತವ. ಎಡಗೈ ಹಿಡಿ ಎಳುದ್ರ ವೈರು ಎಳ್ದು ತಟ್ಟೆಗಳು ಬಿಡ್ತವ. ಹಿಡಿ ಬುಟ್ರ ಮತ್ತ ಅಂಟ್ಕತವ. ಇಷ್ಟು ತಿಳ್ಕಂಡ್ರ ಮುಂದಿನದು ಸುಲಭ.

ನಮ್ಮ ಕೊಳ್ಳೇಗಾಲ 1956ರ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನ, ದಿವಾನ್ ಪೂರ್ಣಯ್ಯನವರ ಜಹಗೀರು. ಹನೂರಂತೂ ಕೊಳ್ಳೇಗಾಲ ತಾಲ್ಲೂಕಿನ ಒಂದು ಹೋಬಳಿ ಆಗಿದ್ದುದು, ತಾಲ್ಲೂಕಾಗಿದ್ದು ಮೊನ್ನೆ ಮೊನ್ನೆ. 1956ರ ನವೆಂಬರ್ 1ಕ್ಕ ನಾವೂ ಮೈಸೂರು ರಾಜ್ಯಕ್ಕ ಬಂದ್ವಿ. ಆಗ ಮೋಟಾರ್ ಸೈಕಲ್ಲು ಅಂದ್ರ ಊರಿಗ ಒಂದಿದ್ರ ಹೆಚ್ಚು ಅಂತ ನಮ್ಮ ಅತ್ತೆ ಹೇಳರು. ಎತ್ತಿನ ಗಾಡಿ, ಸೈಕಲ್ಲು, ದಿನಕ್ಕ ಎಲ್ಡು ಬಸ್ಸು.

ಆಮ್ಯಾಲ ಬಂದದ್ದು ಜಾವಾ. ಹೆಸರು ಕೇಳಿ ಜಾವಾ ದ್ವೀಪದ್ದು ಅನ್ಕಬ್ಯಾಡಿ. ಚೆಕೊಸ್ಲೊವಾಕಿಯಾ ದೇಶದಲ್ಲಿ ಯಾನೆಚೆಕ್ ಅನ್ನೋರು 1929ರಲ್ಲಿ ವಾಂಡರರ್ ಅನ್ನೋ ಕಂಪ್ನಿಯ ಗಾಡಿ ಕೆಲಸ ತಕ್ಕಂಡ್ರು. ಅವರ ಹೆಸರಿನ ಮೊದಲ ಎರಡಕ್ಷರ, ಕಂಪ್ನಿ ಹೆಸರಿನ ಮೊದಲ ಎರಡಕ್ಷರ ಸೇರ್ಸಿ ಜಾವಾ ಅಂತ ಇಟ್ರು. ಇಲ್ಲಿ ರುಸ್ತುಂ ಇರಾನಿ, ಫಾರೂಖ್ ಇರಾನಿ ಅನ್ನೋರು ಅದನ್ನ ಹೊರದೇಶದಿಂದ ತರ್ಸಿ ಮಾರ್ತಿದ್ರು. ಹೊರಗಿಂದ ಗಾಡಿ ತರಾದಕ್ಕ ಸರ್ಕಾರ ಕಡಿವಾಣ ಹಾಕ್ದಾಗ ಇಲ್ಲೇ ಮಾಡಾದು ಅಂತ ಹೊರಟು, ಮೈಸೂರಿನ ಯಾದವಗಿರೀಲಿ ಐಡಿಯಲ್ ಜಾವಾ ಫ್ಯಾಕ್ಟರಿ ಕಟ್ಟುದ್ರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವ್ರೇ ಅದನ್ನ ಉದ್ಘಾಟನೆ ಮಾಡಿದ್ದು. 1960ರ ದಶಕದ ಶುರುವಿಂದ ಅಲ್ಲಿ ಗಾಡಿ ಇಳಿಯಾಕ ಶುರುವಾಯ್ತು. ಕೊಳ್ಳೇಗಾಲದಿಂದ ನರಸೀಪುರದ ಮೇಲೆ ಮೈಸೂರಿಗ ಹೋದ್ರ ಎಲ್ಡು ತಾಸಿನ ದಾರಿ. ಸ್ಪೇರ್ ಪಾರ್ಟು ಬೇಕಂದ್ರ ಬೆಳಿಗ್ಗೆ ಬಸ್ಸಿಗ ಹೋಗಿ ಸಾಯಂಕಾಲಕ್ಕ ಬರ್ಬೋದು. ನಮ್ಮ ಕಡೆ ಗಂಡುಸ್ರಿಗ ಜಾವಾ ಮ್ಯಾಲ ಅಷ್ಟು ಪ್ರೀತಿ ಹುಟ್ಟಾದಕ್ಕ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಹತ್ರದ ಊರಲ್ಲಿ ಹುಟ್ಟಿದ ಗಾಡಿ, ನೆಂಟರ ಮನೆ ಹೆಣ್ಣಿದ್ದಂಗ.

ಈ ಜಾವಾದಲ್ಲಿ ಒಂದು ಜಾಣತನ ಇತ್ತು. ಬೇರೆ ಗಾಡೀಲಿ ಕಿಕ್ಕರ್ರು ಬ್ಯಾರೆ, ಗೇರ್ ಹಾಕಾ ಕಾಲಿನ ಹಿಡಿ ಬ್ಯಾರೆ. ಇದ್ರಲ್ಲಿ ಎರಡೂ ಒಂದೇ. ಎಡಗಡೆ ಇರೋ ಹಿಡಿಯನ್ನ ಹಿಂದಕ್ಕ ತಿರುಗ್ಸಿ ಒದ್ರ ಸ್ಟಾರ್ಟು, ಮುಂದಕ್ಕ ತಂದ್ರ ಅದೇ ಗೇರು. ಇನ್ನೂ ಒಂದು ಏನಂದ್ರ, ಕಾಲಲ್ಲಿ ಗೇರ್ ಹಿಡಿ ಒತ್ತುದ್ರ ಒಳಗಿನ ಕ್ಲಚ್ಚು ತಾನೇ ಬಿಡ್ತಿತ್ತು. ಕೈಯಲ್ಲಿ ಹಿಡಿ ಎಳೀಲೇಬೇಕು ಅಂತಿಲ್ಲ.

ಹನೂರಿನ ನಮ್ಮ ದೊಡ್ಡಪ್ಪನ ಹತ್ರ ಒಂದು ಜಾವಾ ಇತ್ತು, ಆಮ್ಯಾಲ ಎಜ್ಡಿ. ಒಂದ್ಸಲ ಮಾದಪ್ಪನ ಬೆಟ್ಟದಿಂದ ಬರುವಾಗ ತಾಳಬೆಟ್ಟದ ಹತ್ರ ಕ್ಲಚ್ ವೈರು ಕಟ್ಟಾಯ್ತು. ಹಿಂದ್ಗಡೆ ದೊಡ್ಡಮ್ಮ, ದೊಡ್ಡಮ್ಮನ ಮಡ್ಲಲ್ಲಿ ಮಗ, ಕೈಯಲ್ಲಿ ಪ್ರಸಾದದ ಚೀಲ. ಕಾಡು ದಾರಿ, ಹೊತ್ತು ಇಳೀತಿತ್ತು. ಬ್ಯಾರೆ ಗಾಡಿ ಆಗಿದ್ರ ಅಲ್ಲೇ ಕುಂತು ಲಾರಿ ಕಾಯಬೇಕಿತ್ತು. ದೊಡ್ಡಪ್ಪ ಗೇರ್ ಹಿಡಿ ಕಾಲಲ್ಲಿ ಒತ್ತಿ ಹಿಡ್ಕಂಡು, ಮೆಲ್ಲಗ ಬುಡ್ತಾ ಬುಡ್ತಾ ಗಾಡಿ ಎತ್ತುದ್ರಂತೆ. ಕೌದಳ್ಳಿ ದಾಟಿ ಹನೂರಿನ ಮನ ಬಾಗ್ಲ ತನಕ ವೈರಿಲ್ಲದ ಗಾಡೀಲೇ ಬಂದ್ರು. ದೊಡ್ಡಮ್ಮ ಈಗಲೂ ಅದನ್ನ ಮಾದಪ್ಪನ ಮಹಿಮೆ ಅಂತಾರ. ದೊಡ್ಡಪ್ಪ ಮೈಸೂರಿನ ಫ್ಯಾಕ್ಟರಿ ಮಹಿಮೆ ಅಂತಿದ್ರು. ಇಬ್ರೂ ಸಾಯಾ ತನಕ ಒಪ್ಪಾದಿಲ್ಲ ಅನ್ನೋ ಥರ ವಾದ ಮಾಡ್ತಿದ್ರು, ನಾವು ಮಕ್ಕಳು ನಗ್ತಿದ್ದೋ.

ಆದ್ರ ಜಾವಾದ ಕ್ಲಚ್ಚು ಸೂಕ್ಷ್ಮ. ಅದ್ರ ಪ್ಲೇಟಿಗ ಹಚ್ಚಿದ್ದು ಕಾರ್ಕು, ಹಳೇ ಔಷಧಿ ಬಾಟ್ಲಿ ಬಿರಡೆ ಇರ್ತಿತ್ತಲ್ಲ, ಅದೇ ಜಾತಿ. ಎಣ್ಣೇಲಿ ಮುಳುಗಿರ್ತದ. ಘಾಟಿ ಹತ್ತುವಾಗ ಅರ್ಧ ಹಿಡಿ ಹಿಡ್ಕಂಡೇ ಹೋದ್ರ ಕಾರ್ಕು ಕಾದು ಸುಟ್ಟು ಕರಕಲು ವಾಸನೆ ಬತ್ತದ. ಆಗ ಮನೇಲೇ ಬಿಚ್ಚಾದು. ಹಜಾರದಲ್ಲಿ ಗೋಣಿ ಚೀಲ ಹಾಸಿ, ಎಡಗಡೆಯ ಎಣ್ಣೆ ಇಳ್ಸಿ, ಆ ಗೇರ್ ಹಿಡಿ ಕಳಚಿ, ಕವರ್ ತೆಗೀತಿದ್ರು. ಬಿಚ್ಚಿದ ಬೋಲ್ಟು, ವಾಷರು ಎಲ್ಲಾ ಮೊರದಲ್ಲಿ ಬಿಚ್ಚಿದ ವರಸೆಗ ಇಡಾದು ದೊಡ್ಡಮ್ಮನ ಕೆಲಸ. ಸ್ಪ್ರಿಂಗು ಒತ್ತಿ ಹಿಡಿಯಾಕ ಒಂದು ಕೈ ಸಾಲಲ್ಲ, ಅದಕ್ಕೂ ಅವರೇ. ಹೊಸ ಪ್ಲೇಟು ಒಣ ಒಣಾನೇ ಹಾಕ್ಬಾರ್ದು, ರಾತ್ರಿಯೆಲ್ಲಾ ಎಣ್ಣೇಲಿ ನೆನೆ ಹಾಕ್ಬೇಕು, ಕಡ್ಲೆ ನೆನೆ ಹಾಕಿದಂಗ. ಅದಕ್ಕ ದೊಡ್ಡಪ್ಪ ದೊಡ್ಡಮ್ಮನ ಇಡ್ಲಿ ಪಾತ್ರೆ ತಕ್ಕಂಡುಬುಟ್ಟು ಮನೇಲಿ ಆದ ಗಲಾಟೆ ಬರೆಯಾಕ ಇನ್ನೊಂದು ಪುಟ ಬೇಕು. ಆ ಪಾತ್ರೆ ಮತ್ತ ಅಡುಗೆಮನೆ ಒಳಗ ಬರಲಿಲ್ಲ.

ಇದನ್ನೆಲ್ಲಾ ಯಾಕ ಹೇಳ್ದೆ ಅಂದ್ರ, ದೊಡ್ಡಮ್ಮನಿಗ ಆ ಗಾಡಿ ಕ್ಲಚ್ಚಿನ ಒಳಗ ಇರೋ ಒಂದೊಂದು ತಟ್ಟೆನೂ ಗೊತ್ತಿತ್ತು. ಯಾವುದು ಮೊದ್ಲು, ಯಾವುದು ಆಮ್ಯಾಲ, ಎಷ್ಟು ಸವೆದದ, ಎಲ್ಲಾ. ಆದ್ರ ಗಾಡಿ ಮುಂದ್ಗಡೆ ಒಂದು ದಿನ ಕುಂತವರಲ್ಲ. ನೂರು ಕೆಜಿ ಮೇಲಿನ ಗಾಡಿ, ಸೀರೆ ಉಟ್ಕಂಡು ಎತ್ತರದ ಸೀಟು ಹತ್ಬೇಕು, ಕಿಕ್ಕರ್ ಒದೀಬೇಕು, ಗಟ್ಟಿ ಹಿಡಿ ಎಳೀಬೇಕು. ಅದಕ್ಕಿಂತ ಹೆಚ್ಚಾಗಿ, ನೋಡಿದವರು ಏನಂತಾರೆ ಅನ್ನೋದು. ಕ್ಲಚ್ಚೊಂದೇ ಅಡ್ಡ ಇತ್ತು ಅಂತ ನಾನು ಹೇಳಲ್ಲ. ಆದ್ರ "ಕ್ಲಚ್ಚು ಹಿಡಿಯಾಕ ಹೆಂಗಸ್ರ ಕೈಲಿ ಆಗಲ್ಲ" ಅನ್ನೋ ಮಾತು ಎಲ್ಲಾ ಬಾಯಿ ಮುಚ್ಚುಸ್ತಿತ್ತು. ಬಾವೀಲಿ ನೀರು ಸೇದಿ ಸೇದಿ ಗಟ್ಟಿಯಾದ ಕೈಗ ಆ ಹಿಡಿ ಯಾವ ಲೆಕ್ಕ ಹೇಳಿ.

1973ರಿಂದ ಜಾವಾ ಹೆಸರು ಹೋಗಿ ಎಜ್ಡಿ ಆಯ್ತು. ಇರಾನಿನ ಯಜ್ದ್ ಊರಿನ ನೆನಪಿಗ ಇಟ್ಟ ಹೆಸರು ಅಂತಾರ. ಅದೇ ಹೊತ್ತಿಗ 1972ರಲ್ಲಿ ಬಜಾಜ್ ಚೇತಕ್ ಬಂತು. ಇದ್ರಲ್ಲಿ ಗೇರೂ ಎಡಗೈಲೇ, ಕ್ಲಚ್ಚೂ ಎಡಗೈಲೇ. ಹಿಡಿ ಎಳ್ದು ಇಡೀ ಮುಷ್ಟಿ ತಿರುಗಿಸ್ಬೇಕು. ಮೇಷ್ಟ್ರು, ಬ್ಯಾಂಕಿನವರು ತಕ್ಕಂಡ್ರು. ಅದ್ರ ಬಗ್ಗೆ ನನಗ ಹೆಚ್ಚು ಹೇಳಾಕ ಏನಿಲ್ಲ, ನಮ್ಮ ಮನೇಲಿ ಇರಲಿಲ್ಲ.

ನಮ್ಮ ಊರುಗಳ ರೂಪ ಬದಲಾಯಿಸಿದ್ದು ಟಿವಿಎಸ್ 50. ನಮ್ಮ ಗಡಿ ಪಕ್ಕದ ಹೊಸೂರಿನ ಫ್ಯಾಕ್ಟರಿಯಿಂದ 1980ರಲ್ಲಿ ಬಂತು. ಅದಕ್ಕ ಮುಂಚೆ 1972ರಲ್ಲೇ ಪುಣೆಯ ಕೈನೆಟಿಕ್ಕಿನವರ ಲೂನಾ ಬಂದಿತ್ತು. ಟಿವಿಎಸ್ಸಲ್ಲಿ ಇಬ್ರು ಕೂರಬೋದಿತ್ತು. ಈ ಗಾಡೀಲಿ ಎಡಗೈಲಿ ಕ್ಲಚ್ಚು ಇಲ್ಲ. ಕ್ಲಚ್ಚೇ ಇಲ್ಲ ಅಂತ ಎಷ್ಟೋ ಜನ ಅನ್ಕಂಡವ್ರ, ಅದು ತಪ್ಪು. ಒಳಗ ಅದ, ನಮ್ಮ ಕೈಗ ಸಿಗಲ್ಲ ಅಷ್ಟೆ. ಜಾತ್ರೇಲಿ ತಿರುಗಾ ತೊಟ್ಲು ನೋಡಿದ್ದೀರಲ್ಲ, ಮೆಲ್ಲಗ ತಿರುಗುವಾಗ ನೇತಾಡ್ತಿರ್ತದ, ಜೋರಾದ್ರ ಹೊರಗಡೆಗ ಹಾರ್ತದ. ಹಂಗೇ ಇದ್ರ ಒಳಗ ಚಿಕ್ಕ ಚಿಕ್ಕ ತುಂಡುಗಳವ. ಇಂಜಿನ್ನು ಮೆಲ್ಲಗ ತಿರುಗುವಾಗ ಒಳಗೇ ಮುದುರಿರ್ತವ, ಎಕ್ಸಲೇಟರ್ ಕೊಟ್ರ ಹೊರಕ್ಕ ಹಾರಿ ಸುತ್ತಲಿನ ಡ್ರಮ್ಮಿಗ ಒತ್ಕತವ, ಚಕ್ರ ತಿರುಗ್ತದ. ಬುಟ್ರ ಮತ್ತ ಮುದುರ್ಕತವ. ಜಪಾನಿನ ಹೋಂಡಾದವ್ರು 1958ರಲ್ಲಿ ಸೂಪರ್ ಕಬ್ ಅನ್ನೋ ಗಾಡಿಗೂ ಎಡಗೈ ಕ್ಲಚ್ಚು ಇಲ್ಲದ ಉಪಾಯಾನೇ ಮಾಡಿದ್ರು. ಹೋಟ್ಲಿನ ಹುಡುಗ ಒಂದು ಕೈಲಿ ಶಾವಿಗೆ ತರದ ಊಟದ ತಟ್ಟೆ ಹಿಡ್ಕಂಡು ಇನ್ನೊಂದು ಕೈಲಿ ಗಾಡಿ ಓಡ್ಸಂಗಿರ್ಬೇಕು ಅಂತ ಅವರ ಆಲೋಚನೆ. ಊಟ ತಕ್ಕಂಡು ಹೋಗಾ ಕೈಗ ಅಂತ ಮಾಡಿದ ಕ್ಲಚ್ಚು ನಮ್ಮ ಕಡೆ ಹೆಂಗಸ್ರ ಕೈಗ ಬಂದದ್ದು ನೋಡಿ.

ಟಿವಿಎಸ್ಸಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ, ಹಾಲಿನ ಕ್ಯಾನು, ರೇಷ್ಮೆ ಗೂಡಿನ ಚೀಲ, ರಾಗಿ ಮೂಟೆ, ಏನು ಹಾಕ್ಲಿಲ್ಲ ಹೇಳಿ. ಕೊಳ್ಳೇಗಾಲದ ಗೂಡಿನ ಮಾರ್ಕೆಟ್ಟಿಗ ಗಂಡ ಮೊದಲ ಬಸ್ಸಿಗ ಹೋದ್ರ, ಸೊಪ್ಪು ತರಾದು ಹೆಂಡ್ತಿ ಪಾಲಿಗ ಬತ್ತಿತ್ತು. ರೇಷ್ಮೆ ಹುಳ ಕಾಯಲ್ಲ ಕನ್ರವ್ವ. ನಾಕನೇ ಜ್ವರ ಎದ್ದ ಹುಳಕ್ಕ ಹೊತ್ತೊತ್ತಿಗ ಸೊಪ್ಪು ಹಾಕ್ಲಿಲ್ಲ ಅಂದ್ರ ಆ ಬೆಳೆ ಕೆಟ್ಟಂಗೆ. ಹಂಗ ಬ್ಯಾರೆ ದಾರಿ ಇಲ್ದೆ ನಮ್ಮೂರ ಕಡೆ ಎಷ್ಟೋ ಜನ ಹೆಂಗಸ್ರು ಟಿವಿಎಸ್ ಹತ್ತುದ್ರು. ಯಾರೂ ಹೋಗಿ ಹೇಳಿಕೊಡ್ಲಿಲ್ಲ. ಸೈಕಲ್ ಬತ್ತಿದ್ರ ಸಾಕಾಗಿತ್ತು. "ಏನಂತಾರೆ" ಅನ್ನೋ ಮಾತು ಹುಳಕ್ಕ ಸೊಪ್ಪು ಹಾಕಲ್ವಲ್ಲ!

ಆಮ್ಯಾಲಿಂದು ಜೋರಾಗೇ ಆಯ್ತು. 1984ರಲ್ಲಿ ಕೈನೆಟಿಕ್ ಹೋಂಡಾ, 1990ರ ದಶಕದಲ್ಲಿ ಸ್ಕೂಟಿ, 2001ರಲ್ಲಿ ಆಕ್ಟಿವಾ. ಎಡಗೈಲಿ ಹಿಡಿ ಅಂದ್ರ ಬ್ರೇಕೇ. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗ ಸೈಕಲ್ಲು ಕೊಟ್ಟಾಗ ಕಲ್ತ ಹುಡುಗೀರು ಈಗ ಸ್ಕೂಟರಲ್ಲಿ ಓಡಾಡ್ತಾವ್ರ. ಮೈಸೂರಿನ ಫ್ಯಾಕ್ಟರಿ ಮಾತ್ರ 1996ಕ್ಕ ಮುಚ್ಚಿಹೋಯ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದು, ಒಂದು ಲೀಟರಿಗ ಅಷ್ಟು ದೂರ ಹೋಗಾದು ನೋಡಿದ ಜನ ಎಣ್ಣೆ ಬೆರ್ಸಿದ ಪೆಟ್ರೋಲು ಕುಡಿಯಾ ಎಜ್ಡಿ ಕಡೆ ತಿರುಗಿ ನೋಡ್ಲಿಲ್ಲ. 2018ರಲ್ಲಿ ಜಾವಾ ಹೆಸರಿನ ಗಾಡಿ ಮತ್ತ ಬಂದದ, ಮಾಡಾದು ಮಧ್ಯಪ್ರದೇಶದ ಪೀತಂಪುರದಲ್ಲಿ. ಆ ಕಿಕ್ಕರ್-ಗೇರ್ ಒಂದೇ ಆಗಿದ್ದ ಹಿಡಿ ಇದ್ರಲ್ಲಿಲ್ಲ.

ಈಗ ನಾದಿನಿ ಕೇಳಿದ ಮಾತಿಗ ಬತ್ತೀನಿ. ಮನೇಲಿ ಗೇರ್ ಗಾಡಿ ಇನ್ನೂ ಎಲ್ಲರ ಹತ್ರಾನೂ ಅದ. ಅದ್ರ ಕ್ಲಚ್ಚಿಗ ಬರಾದು ಎಲ್ಡೇ ಕಾಯಿಲೆ. ಒಂದು ಜಾರಾದು, ಇನ್ನೊಂದು ಬಿಡದೇ ಇರಾದು. ಇಂಜಿನ್ನು ಗುಂಯ್ ಅಂತ ಕೂಗ್ತದ, ಗಾಡಿ ಮಾತ್ರ ಏರು ಹತ್ತಲ್ಲ, ಪೆಟ್ರೋಲು ಜಾಸ್ತಿ ಕುಡೀತದ, ಸುಟ್ಟ ವಾಸನೆ ಬತ್ತದ ಅಂದ್ರ ಜಾರ್ತಾ ಅದ. ಗ್ರೈಂಡರ್ ಬೆಲ್ಟು ಜಾರುವಾಗ ಮೋಟ್ರು ತಿರುಗಿ ಕಲ್ಲು ತಿರುಗದಂಗೆ. ಸಪಾಟ ರೋಡಲ್ಲಿ ಟಾಪ್ ಗೇರಲ್ಲಿ ಹೋಗುವಾಗ ಎಕ್ಸಲೇಟರ್ ಒಮ್ಮೆಗೇ ತಿರುವಿ ನೋಡ್ಲಿ. ಸದ್ದು ಮುಂದ, ಗಾಡಿ ಹಿಂದ ಅಂತಾದ್ರ ಅನುಮಾನವೇ ಬ್ಯಾಡ. ಇನ್ನೊಂದು ಕಾಯಿಲೇಲಿ ಹಿಡಿ ಪೂರ್ತಿ ಎಳ್ದಿದ್ರೂ ಗಾಡಿ ಮುಂದಕ್ಕ ನೂಕ್ತದ, ಫಸ್ಟ್ ಗೇರ್ ಹಾಕುದ್ರ ಧಡ್ ಅಂತ ಹಾರ್ತದ, ಸಿಗ್ನಲ್ಲಲ್ಲಿ ನಿಂತ್ರ ನ್ಯೂಟ್ರಲ್ ಸಿಗಲ್ಲ. ಅದು ತಟ್ಟೆ ಪೂರ್ತಿ ಬಿಡ್ತಿಲ್ಲ ಅಂತ.

ಎರಡಕ್ಕೂ ಮೊದ್ಲು ನೋಡ್ಬೇಕಾದ್ದು ವೈರು, ಪ್ಲೇಟಲ್ಲ. ಇಂಜಿನ್ ಆಫ್ ಮಾಡಿ, ಹಿಡಿಯ ತುದಿಗ ಒಂದು ಬೆರಳಿಟ್ಟು ಎಳೀರಿ. ಮೊದ್ಲು ಒಂದು, ಒಂದೂವರೆ ಸೆಂಟಿಮೀಟರು ಸುಮ್ಮನ ಬರ್ಬೇಕು, ಆಮ್ಯಾಲ ಬಿಗಿ ಸಿಗ್ಬೇಕು. ಇದನ್ನ ಮೆಕ್ಯಾನಿಕ್ಕರು ಪ್ಲೇ ಅಂತಾರ. ಪ್ಲೇ ಇಲ್ಲದೇ ಬಿಗಿ ಆಗಿದ್ರ ತಟ್ಟೆಗಳು ಸದಾ ಅರ್ಧ ಬಿಟ್ಟೇ ಇರ್ತವ, ಹಂಗಾಗಿ ಜಾರ್ತದ. ಪ್ಲೇ ಜಾಸ್ತಿ ಆಗಿ ಜೋಲಾಡ್ತಿದ್ರ ಎಳುದ್ರೂ ಪೂರ್ತಿ ಬಿಡಲ್ಲ. ಹಿಡಿ ಬುಡದಲ್ಲಿ ವೈರು ಒಳಗ ಹೋಗಾ ಜಾಗದಲ್ಲಿ ಎರಡು ಗುಂಡು ನಟ್ಟು ಇರ್ತವ, ಒಂದು ಲಾಕು, ಒಂದು ಅಡ್ಜಸ್ಟು. ಲಾಕು ಸಡಿಲ ಮಾಡಿ, ಅಡ್ಜಸ್ಟು ಹೊರಗಡೆಗ ಬಿಚ್ಚುದ್ರ ವೈರು ಬಿಗಿ ಆಯ್ತದ, ಒಳಗಡೆಗ ತಿರುಗಿಸುದ್ರ ಸಡಿಲ. ಆಮ್ಯಾಲ ಲಾಕ್ ನಟ್ಟು ಮತ್ತ ಬಿಗೀರಿ. ಅಲ್ಲಿ ಆಗದೇ ಇದ್ರ ಕೆಳಗ ಇಂಜಿನ್ ಹತ್ರಾನೂ ಒಂದು ಅಡ್ಜಸ್ಟ್ ಇರ್ತದ, ಸ್ಪ್ಯಾನರ್ ಬೇಕು. ಗಾಡಿ ಓಡಿ ಬಂದಿದ್ರ ಇಂಜಿನ್ನು ತಣ್ಣಗಾದ ಮ್ಯಾಲ ಕೈ ಹಾಕಿ.

ಹಿಡಿ ಎಳ್ಯಾಕ ಕಷ್ಟ, ಗರಗರ ಅಂತದ ಅಂದ್ರ ವೈರು ಒಣಗಿರ್ತದ, ಇಲ್ಲಾ ಒಳಗ ಎಳೆ ಬಿಟ್ಟಿರ್ತದ. ಎಳೆ ಬಿಟ್ಟಿದ್ರ ಹೊಸದು ಹಾಕ್ಸಬೇಕು, ಅದಕ್ಕ ಬ್ಯಾರೆ ಮದ್ದಿಲ್ಲ. ಒಣಗಿದ್ರ ಮ್ಯಾಲಿನ ತುದಿ ಕಳಚಿ, ಪ್ಲಾಸ್ಟಿಕ್ ಕವರಿನ ಮೂಲೆ ಕತ್ತರ್ಸಿ ಅದನ್ನ ವೈರಿಗ ಕೊಳವೆ ತರ ಕಟ್ಟಿ, ನಾಕು ತೊಟ್ಟು ಇಂಜಿನ್ ಆಯಿಲ್ ಬುಟ್ಟು ರಾತ್ರಿ ಹಂಗೇ ಬುಡಿ. ಬೆಳಿಗ್ಗೆ ಕೆಳಗಿನ ತುದೀಲಿ ಎಣ್ಣೆ ತೊಟ್ಟಿಕ್ಕುದ್ರ ಒಳಗೆಲ್ಲಾ ಇಳಿದದ ಅಂತ. ಕೊಬ್ರಿ ಎಣ್ಣೆ ಹಾಕ್ಬ್ಯಾಡಿ, ಚಳೀಲಿ ಗಟ್ಟಿಯಾಯ್ತದ.

ಈಗಿನ ಗಾಡೀಲಿ ಇಂಜಿನ್ ಆಯಿಲ್ಲಲ್ಲೇ ಕ್ಲಚ್ಚೂ ಮುಳುಗಿರ್ತದ. ಹಂಗಾಗಿ ಕಾರಿಗ ಹಾಕಾ ಆಯಿಲ್ಲು ಅಗ್ಗ ಅಂತ ಬೈಕಿಗ ಹಾಕ್ಸಬಾರ್ದು. ಕೆಲವು ಕಾರಿನ ಆಯಿಲ್ಲಲ್ಲಿ ಜಾರ್ಸಾ ಮದ್ದು ಬೆರ್ಸಿರ್ತಾರ, ಹೊಸ ಪ್ಲೇಟೂ ಜಾರಾಕ ಶುರುವಾಯ್ತದ. ಬೈಕಿನ ಆಯಿಲ್ ಡಬ್ಬಿ ಮ್ಯಾಲ ಜಾಸೊ ಎಂಎ ಅಂತ ಬರ್ದಿರ್ತದ, ನೋಡಿ ತಕ್ಕಳಿ. ವೈರು, ಎಣ್ಣೆ ಎರಡೂ ಸರಿಯಿದ್ದು ಇನ್ನೂ ಜಾರ್ತದ ಅಂದ್ರ ಆಗ ಪ್ಲೇಟು ಸವೆದದ, ಇಲ್ಲಾ ಸ್ಪ್ರಿಂಗು ಸೋತದ. ಆಗ ಮೆಕ್ಯಾನಿಕ್ಕೇ ಬಿಚ್ಚಬೇಕು. ನೀವು "ಹಳೇ ಪ್ಲೇಟು ತೋರ್ಸಪ್ಪ" ಅನ್ನಿ. ಹೊಸದ್ರ ಪಕ್ಕ ಇಟ್ಟು ದಪ್ಪ ನೋಡಿ. ಉಕ್ಕಿನ ತಟ್ಟೆ ನೀಲಿ ತಿರುಗಿದ್ರ ಕಾದು ಹೋಗದ ಅಂತ. ನಮ್ಮ ಯಜಮಾನ್ರ ಗಾಡಿಗ ಒಬ್ರು ಪ್ಲೇಟು, ಸ್ಪ್ರಿಂಗು ಎಲ್ಲಾ ಸೇರ್ಸಿ ದೊಡ್ಡ ಲೆಕ್ಕ ಬರ್ದುಕೊಟ್ಟಿದ್ರು. ಮನಗ ತಂದು ನೋಡುದ್ರ ಪ್ಲೇನೇ ಇರಲಿಲ್ಲ. ನಟ್ಟು ಎಲ್ಡು ಸುತ್ತು ಒಳಗಡೆಗ ತಿರುಗ್ಸಿದ್ದು ಅಷ್ಟೇ, ಆ ಗಾಡಿ ಇನ್ನೂ ಓಡ್ತಾ ಅದ.

ಟಿವಿಎಸ್, ಸ್ಕೂಟರು ಇರೋರಿಗ ಈ ಹಿಡಿ ಇಲ್ಲ ಅಂತ ಕಾಯಿಲೆ ಇಲ್ಲ ಅನ್ಕಬ್ಯಾಡಿ. ನಿಂತಲ್ಲೇ ಗಾಡಿ ತಾನೇ ಮುಂದಕ್ಕ ನೂಕ್ತದ ಅಂದ್ರ ಸಾಮಾನ್ಯವಾಗಿ ಇಂಜಿನ್ನು ಸುಮ್ನಿರುವಾಗಲೇ ಜೋರಾಗಿ ತಿರುಗ್ತಿರ್ತದ, ಅದನ್ನ ಇಳ್ಸಬೇಕು. ಸ್ಟಾಂಡ್ ಹಾಕಿ ಮಕ್ಕಳನ್ನ ಪಕ್ಕದಿಂದ ದೂರ ನಿಲ್ಸಿ ನೋಡ್ಕಳಿ. ಎಕ್ಸಲೇಟರ್ ಕೊಟ್ರೂ ಏರಲ್ಲಿ ಏಳಲ್ಲ ಅಂದ್ರ ಒಳಗಿನ ತುಂಡುಗಳು ಸವೆದವ. ಮೂರು ಮೂಟೆ ಹಾಕಿ ಏರು ಹತ್ತುಸುದ್ರ ಬೇಗ ಸವೀತವ, ಅದು ಎಲ್ಲರಿಗೂ ಗೊತ್ತಿರಾದೇ, ಆದ್ರೂ ಹಾಕ್ತೀವಿ.

ಇನ್ನೊಂದು ವಿಷಯ. ಆರ್‌ಟಿಒದವರು ಕೊಡಾ ಲೈಸೆನ್ಸಲ್ಲಿ ಗೇರ್ ಇಲ್ಲದ ಗಾಡಿ ಬ್ಯಾರೆ, ಗೇರ್ ಇರೋ ಗಾಡಿ ಬ್ಯಾರೆ. ನಮ್ಮ ಹೆಣ್ಣುಮಕ್ಕಳಿಗೆಲ್ಲಾ ಸ್ಕೂಟರ್ ಸಾಕು ಅಂತ ಗೇರ್ ಇಲ್ಲದ್ದೇ ಮಾಡ್ಸಿಬುಡ್ತಾರ. ಅವಳು ಮನೇಲಿ ನಿಂತಿರೋ ಬೈಕು ತಕ್ಕಂಡು ಹೋಗಂಗಿಲ್ಲ. ಹೋದ ವರ್ಷ ನಮ್ಮ ಬೀದೀಲಿ ಒಬ್ರಿಗ ರಾತ್ರಿ ಎದೆನೋವು ಬಂದಾಗ ಮನೇಲಿ ಇದ್ದದ್ದು ಬೈಕು ಒಂದೇ, ಓಡ್ಸಾ ಗಂಡುಸ್ರು ಯಾರೂ ಇಲ್ಲ, ಆಟೋ ಬರಾ ತನಕ ಅರ್ಧ ಗಂಟೆ. ದೇವ್ರ ದಯ, ಅವರು ಈಗ ಚೆನ್ನಾಗವ್ರ. ಅದಾದ ಮ್ಯಾಲ ಅವರ ಸೊಸೆ ಗೇರ್ ಇರೋದಕ್ಕೇ ಅರ್ಜಿ ಹಾಕುದ್ಲು. ಗೇರ್ ಲೈಸೆನ್ಸ್ ಇದ್ರ ಸ್ಕೂಟರನ್ನೂ ಓಡ್ಸಬೋದು, ದುಡ್ಡು ಎಲ್ಡು ಸಲ ಕಟ್ಟಾದು ತಪ್ತದ. ಭತ್ತ ಕೊಯ್ದ ಗದ್ದೇಲಿ ಆ ಹುಡುಗಿ ಕಲೀತಿದ್ದಾಗ ನಾನೂ ನಿಂತು ನೋಡ್ದೆ. ಹಿಡಿ ಒಮ್ಮೆಗೇ ಬುಡ್ತಾಳ, ಗಾಡಿ ಕುಪ್ಪಳಿಸಿ ಆಫಾಯ್ತದ. ನಾಕು ಬೆರಳಲ್ಲೂ ಎಳ್ದು, ಗಾಡಿ ಅಲುಗಾಡಾಕ ಶುರುವಾಗಾ ಜಾಗ ಬರಾ ತನಕ ಮೆಲ್ಲಗ ಬುಡು, ಅಲ್ಲಿ ವಸಿ ತಡಿ, ಆಮ್ಯಾಲ ಪೂರ್ತಿ ಬುಡು ಅಂದೆ. ಮೂರನೇ ದಿನಕ್ಕ ಸರಿಯಾಯ್ತು.

ನಾದಿನಿಗ ಒಂದು ಮಾತು ಬಾಕಿ. ಹೊಸ ವೈರು ತಕ್ಕಂಡಾಗ ಅದನ್ನ ಹಳೇ ವೈರಿನ ಪಕ್ಕದಲ್ಲೇ ಟೇಪಲ್ಲಿ ಸುತ್ತಿ ಇಡ್ಸಮ್ಮ, ಸೀಟಿನ ಕೆಳಗ ಹಾಕ್ಬ್ಯಾಡ. ಬಿಳಿಗಿರಿರಂಗನ ಬೆಟ್ಟದ ದಾರೀಲಿ ಕಟ್ಟಾದ್ರ ತುದಿ ಎರಡು ಬದಲಾಯ್ಸಿದ್ರ ಆಯ್ತು. ಸ್ಪ್ಯಾನರ್ ಮಾತ್ರ ಮರೀಬ್ಯಾಡ.